ದಾರೂ ತೂಗುವ ಉಸ್ತಾದರು

ಈ ಸಲ ಸಂಕ್ರಾಂತಿ ಮುಗಿದ ಮೇಲೆ ಉಸ್ತಾದರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಕುರ್ಚಿ ಎಂದರೆ ಮಂತ್ರಿಗಿರಿಯೇನಲ್ಲ. ನಿಪ್ಪಾಣಿಯ ಹೊರಗೆ ಗುಡ್ಡದ ಬುಡದಲ್ಲಿ ನಮ್ಮದೊಂದು ರೈಫಲ್ ಕ್ಲಬ್ಬು ಇದೆ. ಅದರ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಹಾಕಿದ, ಕೈಗಳಿಲ್ಲದ ಒಂದು ಕಟ್ಟಿಗೆ ಕುರ್ಚಿ ಅದು. ಮುಂದೆ ಒಂದು ಮೇಜು, ಮೇಜಿನ ಮೇಲೆ ಒಂದು ಸಣ್ಣ ತಕ್ಕಡಿ. ಅಲ್ಲಿ ಕೂತು ಅವರು ಕ್ಲಬ್ಬಿನ ದೊಡ್ಡ ಬಾಯಿಯ ಹಳೇ ರಿವಾಲ್ವರುಗಳಿಗೆ ಕಾಡತೂಸು ತುಂಬುತ್ತಿದ್ದರು.

ಆ ರಿವಾಲ್ವರುಗಳ ಬಾಯೊಳಗೆ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತದೆ. ಹಳೆಯ ಮನೆತನದವರು ಕ್ಲಬ್ಬಿಗೆ ಒಪ್ಪಿಸಿದ ಆಯುಧಗಳು ಅವು. ಅವಕ್ಕೆ ಹೊಂದುವ ಕಾಡತೂಸು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸರ್ಕಾರದ ಪರವಾನಗಿ ತೆಗೆದುಕೊಂಡು ನಾವೇ ತುಂಬಿಕೊಳ್ಳಬೇಕು. ಹಾರಿಸಿ ಖಾಲಿಯಾದ ಹಿತ್ತಾಳೆಯ ಕೇಸನ್ನು ತೊಳೆದು, ಒಣಗಿಸಿ, ಹಿಂಬದಿಗೆ ಕಿಡಿ ಹೊತ್ತಿಸುವ ಹೊಸ ಟೋಪಿ ಕೂಡಿಸಿ, ಮದ್ದು ತೂಗಿ ಸುರಿದು, ಮೇಲೆ ಸೀಸದ ಗುಂಡು ಒತ್ತಿದರೆ ಆಯಿತು. ಬಾಯಲ್ಲಿ ಹೇಳುವುದಕ್ಕೆ ಇಷ್ಟೇ. ಪರವಾನಗಿ ಕ್ಲಬ್ಬಿನದು, ಆದರೆ ತುಂಬುವ ಕೈ ಇಂಥವರದೇ ಎಂದು ಮೇಲಿನವರಿಗೆ ಹೆಸರು ಬರೆದು ಕೊಡಬೇಕು. ಆ ಹೆಸರು ಇಷ್ಟು ಕಾಲ ಉಸ್ತಾದರದಾಗಿತ್ತು.

ಅವರು ಹಾರೂಗೇರಿ ಕಡೆಯವರು. ಫೌಜಿನಲ್ಲಿ ಆಯುಧ ರಿಪೇರಿ ಮಾಡುತ್ತಿದ್ದು ನಿವೃತ್ತರಾಗಿ ಬಂದವರು. ಉಸ್ತಾದ ಎನ್ನುವುದೂ ಫೌಜಿನಿಂದಲೇ ಬೆನ್ನಿಗೆ ಬಂದ ಹೆಸರು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗಡೆ ಅರ್ಧವೇ ಇದ್ದ ಹುಬ್ಬು. ಹೊಸಬರು ಆ ಹುಬ್ಬನ್ನೇ ನೋಡುತ್ತಾರೆಂದು ಅವರಿಗೆ ಗೊತ್ತಿತ್ತು. ಯಾರೂ ಕೇಳುವ ಮೊದಲೇ ಹುಬ್ಬಿಗೆ ಬೆರಳಿಟ್ಟು, "ಇದು ಅಂದಾಜಿನ ಗುರ್ತು. ಹರೇದಾಗ ಒಮ್ಮೆ ಅಂದಾಜಿಲೆ ಸುರದಿದ್ದೆ" ಎನ್ನುತ್ತಿದ್ದರು.

ಅಂದಾಜು ಎನ್ನುವುದು ಅವರ ಬಾಯಲ್ಲಿ ಬೈಗುಳವಾಗಿತ್ತು. ಬೇರೆಯವರು ಸಿಟ್ಟಿಗೆದ್ದರೆ ಅವ್ವ ಅಪ್ಪನ ತನಕ ಹೋಗುತ್ತಾರೆ. ಇವರು ತೀರಾ ತಲೆ ಕೆಟ್ಟಾಗ, "ಹೋಗೋ ಅಂದಾಜಿನ ಮನಶಾ" ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಮಾತ್ರ ಈ ಕಾಯ್ದೆ ನಡೆಯುತ್ತಿರಲಿಲ್ಲ. ಅವರ ಹೆಂಡತಿ ಉಪ್ಪನ್ನೂ ಖಾರವನ್ನೂ ಮುಷ್ಟಿಯಲ್ಲಿ ಹಿಡಿದು ಒಗೆಯುವ ಪೈಕಿ. ಒಮ್ಮೆ ನಾನು ಅವರಲ್ಲಿ ಊಟಕ್ಕೆ ಕೂತಾಗ ಆಕೆ ನನ್ನತ್ತ ಕಣ್ಣು ಹೊಡೆದು, "ನೋಡ ತಂಗಿ, ಅಂದಾಜಿಲೆ ಮಾಡಿದ್ದ ಹೆಂಗ ಕಡಿಯಾಕತ್ತಾರ" ಎಂದರು. ಉಸ್ತಾದರು ತಲೆ ಎತ್ತದೆ ಇನ್ನೊಂದು ರೊಟ್ಟಿ ಕೇಳಿದರು.

ಕೋಣೆಯಲ್ಲಿ ಅವರು ಬೇರೆಯೇ ಮನುಷ್ಯ. ಮೊಬೈಲು ಹೊರಗೆ, ಬೀಡಿಯ ವಾಸನೆಯವರು ಹೊರಗೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಎರಡನೆಯದು ಬೇಕೆಂದರೆ ಮೊದಲನೆಯದು ಕಪಾಟಿಗೆ ಹೋಗಿ ಕೀಲಿ ಬಿದ್ದಿರಬೇಕು. ಒಂದನ್ನೊಂದು ಹೋಲುವ ಎರಡು ಕರಿ ಪುಡಿಗಳು ಕಲೆತವೆಂದರೆ ದೇವರೇ ಬಂದರೂ ಬೇರೆ ಮಾಡಲಾರ ಎಂಬುದು ಅವರ ಭಯ. ತೂಗುವಾಗ ಯಾರೂ ಮಾತಾಡಕೂಡದು. ನಡುವೆ ಯಾರಾದರೂ ಬಾಯಿ ತೆರೆದರೆ, ಅಲ್ಲಿಯವರೆಗೆ ತುಂಬಿದ ಮದ್ದನ್ನೆಲ್ಲ ಡಬ್ಬಿಗೆ ಸುರಿದು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಸಿಟ್ಟಿಲ್ಲ, ಬೈಗುಳವಿಲ್ಲ, ಬರೇ ಸುರಿಯುವುದು. ಅದನ್ನು ನೋಡಿದವರು ಇನ್ನೊಮ್ಮೆ ಕೆಮ್ಮುತ್ತಲೂ ಇರಲಿಲ್ಲ.

ಗೋಡೆಯ ಮೇಲೆ ಬುದ್ಧನ ಒಂದು ಫೋಟೋ ಇತ್ತು. ಅವರು ಮನೆತನದಿಂದ ಬೌದ್ಧರು. ಮದ್ದಿನ ಕೋಣೆಯಲ್ಲಿ ಬುದ್ಧನಿಗೇನು ಕೆಲಸ ಎಂದು ಕ್ಲಬ್ಬಿನವರು ಕಿಚಾಯಿಸುತ್ತಿದ್ದರು. "ಅಂವ ನೋಡಾಕತ್ತಾನ ಅಂತ ಕೈ ನೆಟ್ಟಗ ಇರ್ತಾವ್ರೀ" ಎನ್ನುವರು ಉಸ್ತಾದರು. ಹಾಗೆ ನೋಡಿದರೆ ಆ ಕಾಡತೂಸುಗಳಿಂದ ಒಂದು ಕಾಗೆಯೂ ಸತ್ತದ್ದಿಲ್ಲ. ಸತ್ತದ್ದೆಲ್ಲ ರಟ್ಟಿನ ಗುರಿಗಳು.

ಚಿಕ್ಕೋಡಿ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದ ನಾನು ಗುರಿ ಹೊಡೆಯುವ ಹುಚ್ಚಿನಿಂದ ಈ ಕ್ಲಬ್ಬಿಗೆ ಸೇರಿದೆ. ಊರು ಕರೋಶಿ, ಕಬ್ಬಿನ ಮನೆತನ. ಗುರಿ ಹೊಡೆಯಲು ಬಂದವಳು ತುಂಬುವ ಕೋಣೆಯ ಬಾಗಿಲಲ್ಲಿ ನಿಂತು ಬಿಟ್ಟೆ. ಆ ಮನುಷ್ಯ ಒಂದು ಚಿಟಿಕೆ ಪುಡಿಗೆ ಕೊಡುತ್ತಿದ್ದ ಮರ್ಯಾದೆ ನೋಡಿ ಬೆರಗಾಗಿತ್ತು. ಕೆಲವು ದಿನ ನಿಲ್ಲಿಸಿ ನೋಡಿ, ಆಮೇಲೆ "ಕುಂದರು" ಎಂದರು. ಕೂತ ಮೊದಲ ದಿನವೇ ನಾನು ತಕ್ಕಡಿಯ ಮೇಲೆ ಸೀನಿದೆ.

ಅದು ತಂಬಾಕಿನ ಸುಗ್ಗಿ. ಊರ ತುಂಬ ಇರುವ ವಖಾರಿಗಳಲ್ಲಿ ತಂಬಾಕು ಕುಟ್ಟಿ ಚೀಲ ತುಂಬುವಾಗ ನಿಪ್ಪಾಣಿಯ ಗಾಳಿಯೇ ನಶ್ಯವಾಗುತ್ತದೆ. ಊರಿನವರಿಗೆ ರೂಢಿ, ನನಗಿರಲಿಲ್ಲ. ಮದ್ದು ಮೇಜಿನ ತುಂಬ ಹಾರಿತು. ಉಸ್ತಾದರು ಒದ್ದೆ ಬಟ್ಟೆ ತಂದು ಒರೆಸಿದರು, ಉಳಿದದ್ದನ್ನು ಡಬ್ಬಿಗೆ ಹಾಕಿ ಕೀಲಿ ಹಾಕಿದರು, ತಕ್ಕಡಿಗೆ ಬಟ್ಟೆ ಹೊದಿಸಿದರು. ನಾನು ಅಳುವ ಹಂತಕ್ಕೆ ಬಂದಿದ್ದೆ. "ತಪ್ಪು ಮೂಗಿಂದಲ್ಲ, ಗಾಳೀದು. ವಖಾರಿ ಕಡಿಂದ ಗಾಳಿ ಬಿಟ್ಟ ದಿನಾ ನಾವು ಹೊರಗ ಕುಂತು ಮಾತಾಡೂಣು" ಎಂದರು. ಆ ಸುಗ್ಗಿಯಲ್ಲಿ ಹೊರಗಿನ ಕಟ್ಟೆಯ ಮೇಲೆ ಕೂತು ಕಲಿತದ್ದೇ ಹೆಚ್ಚು.

ಯಾವ ಮದ್ದು ಯಾವ ನಳಿಗೆಗೆ ಎಂಬುದನ್ನು ಅವರು ಹೇಳಿಕೊಟ್ಟದ್ದು ಬೆಲ್ಲದ ಗಾಣದಿಂದ. ನನಗೆ ಅರ್ಥವಾಗುವ ಭಾಷೆ ಅದೊಂದೇ ಎಂದು ಅವರಿಗೆ ಅನಿಸಿರಬೇಕು.

"ಕೊಪ್ಪರಗಿ ಕೆಳಗ ಕಬ್ಬಿನ ಒಣ ಎಲಿ, ರವದಿ ಒಗದ್ರ ಹೆಂಗ ಹತ್ತತೈತಿ?"

"ಭಗ್ ಅಂತ ಹತ್ತಿ ಆರಿಬಿಡತೈತ್ರಿ."

"ಜಾಲಿ ಬೊಡ್ಡಿ ಇಟ್ಟರ?"

"ನಿಧಾನಕ್ಕ ಹತ್ತಿ ಬಾಳ ಹೊತ್ತ ಉರೀತೈತಿ."

"ಮದ್ದೂ ಹಂಗ. ಉದ್ದನ ಬಂದೂಕಿಗೆ ಜಾಲಿ ಸ್ವಭಾವದ್ದು ಬೇಕು, ಗುಂಡ ಹೊರಗ ಹೋಗೂತನಾ ಹಿಂದಿಂದ ನೂಕತೈತಿ. ರಿವಾಲ್ವರಿನ ನಳಗಿ ಗೇಣುದ್ದ ಇರೂದಿಲ್ಲ. ಜಾಲಿ ಹತ್ತೂದರಾಗ ಗುಂಡ ಹೋಗೇ ಬಿಟ್ಟಿರತೈತಿ. ಅದಕ್ಕ ರವದಿ ಕಡೆ ಹೋಗಬೇಕು. ಆದ್ರ ಪೂರಾ ರವದಿ ಆದ್ರ ಈ ಮುದುಕ ರಿವಾಲ್ವರ ಎದಿ ಒಡಕೊಂಡ ಸಾಯತಾವು. ನಡಬರಕಿಂದು ಆರಸಬೇಕು."

ದೊಡ್ಡ ಬಾಯಿಯ ಕೇಸುಗಳಲ್ಲಿ ಇನ್ನೊಂದು ಮೋಸವಿದೆ ಎಂದೂ ಹೇಳಿದ್ದರು. ಕೇಸು ಅಗಲ, ಮದ್ದು ಸ್ವಲ್ಪ. ತಪ್ಪಿ ಎರಡು ಸಲ ಸುರಿದರೂ ಒಳಗೆ ಹಿಡಿಯುತ್ತದೆ, ಹೊರಗೆ ತುಳುಕಿ ಎಚ್ಚರಿಸುವುದಿಲ್ಲ. ಅದಕ್ಕೇ ಸುರಿದಾದ ಮೇಲೆ ಎಲ್ಲ ಕೇಸುಗಳನ್ನೂ ಸಾಲಾಗಿ ನಿಲ್ಲಿಸಿ, ಬ್ಯಾಟರಿ ಹಿಡಿದು ಒಂದೊಂದರ ಬಾಯೊಳಗೂ ಇಣುಕುತ್ತಿದ್ದರು. ಡಾಕ್ಟರು ಮಕ್ಕಳ ಗಂಟಲು ನೋಡಿದ ಹಾಗೆ.

ಅವರದು ಇನ್ನೊಂದು ನಿಯಮವಿತ್ತು. ಬೇರೆಯವರು ತುಂಬಿದ ಕಾಡತೂಸನ್ನು ಅವರು ಹಾರಿಸುತ್ತಿರಲಿಲ್ಲ. ದೊಡ್ಡ ಅಧಿಕಾರಿಗಳು ಬಂದು ತಮ್ಮದು ಕೊಟ್ಟು "ಒಂದ ನೋಡ್ರಿ ಉಸ್ತಾದ್" ಎಂದರೂ ಕೈ ಮುಗಿದು ಬಿಡುತ್ತಿದ್ದರು. "ತುಂಬಿದವರ ಮನಸು ಆವತ್ತ ಎಲ್ಲಿತ್ತೋ ನನಗೇನ ಗೊತ್ತು?" ನಾನು ಅವರ ಪಕ್ಕದಲ್ಲೇ ಕೂತು, ಅವರ ಹೆಸರಿನ ಕೆಳಗೆ, ವರ್ಷಗಟ್ಟಲೆ ತುಂಬಿದೆ. ಕ್ಲಬ್ಬಿನವರೆಲ್ಲ ಅವನ್ನು ಹಾರಿಸಿದರು. ಉಸ್ತಾದರು ಒಂದನ್ನೂ ಹಾರಿಸಲಿಲ್ಲ. ನನಗೆ ಒಳಗೊಳಗೇ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಈಗ ದಾರೂ ಎಂಬ ಮಾತಿನ ವಿಷಯ. ಉಸ್ತಾದರು ಮದ್ದು ಎನ್ನುವ ಶಬ್ದವನ್ನು ಬಳಸುತ್ತಿದ್ದುದು ನನ್ನೊಂದಿಗೆ ಮಾತ್ರ. ನಮ್ಮ ಕಡೆ ಮದ್ದು ಹಾಕುವುದೆಂದರೆ ಆಗದವರ ಅನ್ನದಲ್ಲಿ ಏನೋ ಕಲೆಸಿ ಕೊಡುವುದು. ಮೊದಮೊದಲು ಅವರು "ಮದ್ದು ಹಾಕೋ ಕೆಲಸ ಮಾಡತೇನಿ" ಎಂದು ಹೇಳಿಕೊಂಡಾಗ ಕ್ಲಬ್ಬಿನ ವಾಚಮನ್ನನ ಹೆಂಡತಿ ಅವರ ಕೈಯಿಂದ ಪೇಢೆಯನ್ನೂ ಮುಟ್ಟಲಿಲ್ಲವಂತೆ. ಅದಕ್ಕೇ ಹೊರಗಿನವರ ಮುಂದೆ ಅವರು ಫೌಜಿನ ಮರಾಠಿ ಗೆಳೆಯರ ಶಬ್ದ ಹಿಡಿದರು: ದಾರೂ. ಮರಾಠಿಯಲ್ಲಿ ಬಂದೂಕಿನ ಪುಡಿಗೂ ಅದೇ, ಕುಡಿಯುವ ಶೆರೆಗೂ ಅದೇ. ನಿಪ್ಪಾಣಿಯಲ್ಲಿ ಯಾರೂ ತಪ್ಪು ತಿಳಿಯಲಿಲ್ಲ. ಬಸ್ಸಿನಲ್ಲಿ ಯಾರಾದರೂ ಉದ್ಯೋಗ ಕೇಳಿದರೆ "ದಾರೂ ತೂಗತೇನ್ರಿ" ಎಂದು ಬಿಗಿಯಾಗಿ ಹೇಳಿ ಅವರ ಮುಖ ನೋಡಿ ಖುಷಿಪಡುವ ತುಂಟತನವೂ ಇತ್ತು. ನಾನೂ ಮನೆಯಲ್ಲಿ ಅದೇ ಶಬ್ದ ಬಳಸಿದೆ. "ಇವತ್ತ ಬಾಳ ದಾರೂ ತುಂಬಿದೆ ಅವ್ವಾ" ಎಂದರೆ ಅವ್ವ "ಕೈ ತೊಳಕೊಂಡ ಬಾ" ಎನ್ನುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆದು ಆ ಶಬ್ದದ ಇನ್ನೊಂದು ಅರ್ಥ ನಮ್ಮ ಮನೆಯವರಿಗೆ ಮರೆತೇ ಹೋಗಿತ್ತು.

ಉಸ್ತಾದರ ಕಣ್ಣಿಗೆ ಪೊರೆ ಬಂದದ್ದು ಆಗಲೇ. ತಕ್ಕಡಿಯ ಮುಳ್ಳು ಎರಡಾಗಿ ಕಾಣತೊಡಗಿತು. ಆಪರೇಷನ್ನು ಮಾಡಿಸಿದರೂ ಮೊದಲಿನ ಕಣ್ಣು ಬರುತ್ತದೆಂಬ ಖಾತ್ರಿ ಅವರಿಗಿರಲಿಲ್ಲ. ಖಾತ್ರಿ ಇಲ್ಲದ ಕಣ್ಣಿನಿಂದ ತೂಗುವ ಜಾತಿಯಲ್ಲ ಅವರು. ಕ್ಲಬ್ಬು ತುಂಬುವವರ ಹೊಸ ಹೆಸರು ಕೊಡಬೇಕಾಯಿತು. ಕೊಡದಿದ್ದರೆ ತುಂಬುವ ಪರವಾನಗಿಯೇ ನಿಲ್ಲುತ್ತಿತ್ತು, ರಿವಾಲ್ವರುಗಳು ಕಪಾಟು ಸೇರುತ್ತಿದ್ದವು. ಉಸ್ತಾದರು ನನ್ನನ್ನು ಕರೆದು, "ನೀನ ಕುಂದರು" ಎಂದರು. ಮೊದಲ ದಿನ ಹೇಳಿದ್ದೂ ಅದೇ ಮಾತು. ಅವತ್ತು ಕರೋಶಿಗೆ ಹೋಗುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ.

ಅದೇ ವಾರ ನನ್ನನ್ನು ನೋಡಲು ಕಾಗವಾಡದಿಂದ ಗಂಡಿನ ಕಡೆಯವರು ಬಂದರು. ದ್ರಾಕ್ಷಿ ತೋಟದವರು, ಮನೆಮಾತು ಮರಾಠಿ, ಕನ್ನಡವೂ ಸಲೀಸು. ಕೊರಳಲ್ಲಿ ತುಳಸಿ ಮಣಿ ಹಾಕಿಕೊಂಡ ವಿಠೋಬನ ಮಾಳಕರಿಗಳು. ಮಾಂಸ, ಶೆರೆ ಎಂದರೆ ಮೈಲು ದೂರ. ಹುಡುಗ, ಅವನ ತಂದೆ, ಸೋದರತ್ತೆ, ಎಲ್ಲರಿಗಿಂತ ಮೇಲೆ ಅವನ ಅಜ್ಜಿ. ಆ ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಉಪ್ಪಿಟ್ಟು ಹಂಚಿಯಾಗಿತ್ತು. ಆಯಿ ನನ್ನನ್ನು ನೋಡಿ, "ಮುಲಗೀ ಕಾಯ ಕಾಮ ಕರತೆ?" ಎಂದರು. ಹುಡುಗಿ ಏನು ಕೆಲಸ ಮಾಡುತ್ತಾಳೆ ಎಂದು.

ನಮ್ಮ ಕಾಕಾನಿಗೆ ಬೀಗರ ಮುಂದೆ ಮರಾಠಿ ಮಾತಾಡುವ ಚಟ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಎದೆ ಸೆಟೆಸಿ ಹೇಳಿಯೇ ಬಿಟ್ಟ: "ತೀ ನಿಪ್ಪಾಣೀಲಾ ಕ್ಲಬಾತ ಬಸೂನ ದಾರೂ ಭರತೆ! ಏಕದಮ ಮಾಪಾತ!"

ನಿಪ್ಪಾಣಿಯಲ್ಲಿ ಕ್ಲಬ್ಬಿನಲ್ಲಿ ಕೂತು ದಾರೂ ತುಂಬುತ್ತಾಳೆ, ಅಳತೆ ಎಂದರೆ ಅಳತೆ. ಕಾಕಾ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸೋದರತ್ತೆ ಬಟ್ಟಲನ್ನು ನೆಲಕ್ಕಿಟ್ಟಳು. ಹುಡುಗನ ತಂದೆ ಛಾವಣಿ ನೋಡಿದರು. ಆಯಿ ಕೊರಳ ಮಣಿ ಹಿಡಿದುಕೊಂಡು ಎದ್ದೇ ಬಿಟ್ಟರು. "ಮುಂದ ನೋಡೂಣು" ಎಂದು ಎಲ್ಲರೂ ಹೊರಟರು. ಹುಡುಗನೊಬ್ಬ ಮಾತ್ರ ನಿಂತಲ್ಲೇ ಎರಡು ತುತ್ತಿನಲ್ಲಿ ಉಪ್ಪಿಟ್ಟು ಮುಗಿಸಿ ಹೋದ. ನಮಗೆ ಏನಾಯಿತೆಂದೇ ತಿಳಿಯಲಿಲ್ಲ. ಮರುದಿನ ಮಧ್ಯಸ್ಥಗಾರ ಫೋನು ಮಾಡಿದ ಮೇಲೆ ತಿಳಿಯಿತು. "ಶೆರೆ ಅಂಗಡ್ಯಾಗ ಗಿಲಾಸ ತುಂಬೋ ಹುಡಿಗೀನ ನಮಗ ತೋರಸಿದಿ ಅಂತ ಬೈದ್ರು ಮಾರಾಯಾ!" ಎಂದನಂತೆ.

ಅವ್ವ ಮೊದಲು ನಕ್ಕಳು, ಅಪ್ಪನ ಮುಖ ನೋಡಿ ನಿಲ್ಲಿಸಿದಳು. ಅಪ್ಪನ ಸಿಟ್ಟು ಕಾಕಾನ ಮೇಲೆ ಬೀಳಬೇಕಿತ್ತು, ಕ್ಲಬ್ಬಿನ ಮೇಲೆ ಬಿತ್ತು. "ಮಾನ ಹೋತು. ಇನ್ನ ನಿಪ್ಪಾಣಿ ಹೆಸರ ಎತ್ತಬ್ಯಾಡ" ಎಂದರು. ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. ಗಂಡು ಹೋದರೆ ಹೋಗಲಿ, ಕಾಗವಾಡದ ದಾರಿ ನಾನೇನು ಕಂಡವಳಲ್ಲ. ನನ್ನ ಚಿಂತೆಯೆಲ್ಲ ಆ ಕುರ್ಚಿಯದು. ಹೆಸರು ಕೊಡುವ ದಿನ ಹತ್ತಿರ ಬರುತ್ತಿತ್ತು.

ನಾನು ಬರದಿದ್ದುದನ್ನು ಕಂಡು ಉಸ್ತಾದರು ಕರೋಶಿಗೆ ಬಂದರು. ಕಣ್ಣಿಗೆ ಕಪ್ಪು ಕನ್ನಡಕ, ಕಂಕುಳಲ್ಲಿ ಬಟ್ಟೆ ಸುತ್ತಿದ ತಕ್ಕಡಿ ಪೆಟ್ಟಿಗೆ. ಅಪ್ಪ ಹೇಳಿದ್ದನ್ನೆಲ್ಲ ಕೇಳಿದರು. ಕಾಕಾನ ಮರಾಠಿ ವಾಕ್ಯ ಕೇಳಿದಾಗ ಮಾತ್ರ ಅವರ ಅರ್ಧ ಹುಬ್ಬು ಅಲುಗಾಡಿತು. ನಗು ಬಂದಿತ್ತೆಂದು ನನಗೆ ಗೊತ್ತಾಯಿತು.

"ತಪ್ಪು ನನ್ನ ಮಾತಿಂದ ಆಗೇತ್ರಿ" ಎಂದರು. "ಆ ಶಬ್ದ ಆಕಿ ಬಾಯಾಗ ಇಟ್ಟಾಂವ ನಾನು. ಕಾಗವಾಡಕ್ಕ ನಾ ಹೋಗಿ ಬರತೇನಿ. ಅವರು ತಿಳಕೊಂಡ್ರ ಹುಡಿಗೀನ ಕ್ಲಬ್ಬಿಗೆ ಕಳಸ್ರಿ."

"ಅವರು ತಿಳಕೊಂಡ್ರ ನೋಡೂಣು" ಎಂದರು ಅಪ್ಪ. ಪ್ರಾಯಶ್ಚಿತ್ತಕ್ಕೆ ಕಾಕಾ ಗಾಡಿ ಹೊರಗೆ ತೆಗೆದ.

ಮುಂದಿನದನ್ನು ಕಾಕಾ ಇವತ್ತಿಗೂ ಅಭಿನಯಿಸಿ ತೋರಿಸುತ್ತಾನೆ. ಆಯಿ ಮಾಳಿಗೆಯ ಮೇಲೆ ಒಣದ್ರಾಕ್ಷಿ ಆರಿಸುತ್ತ ಕೂತಿದ್ದರು. ಉಸ್ತಾದರು ಹೆಸರು, ಊರು ಹೇಳಿ, ಎಲ್ಲಕ್ಕಿಂತ ಮೊದಲು ಕುಡಿಯಲು ನೀರು ಕೇಳಿದರು. ಹೊಸ ಮನೆಗೆ ಹೋದಾಗ ಅವರು ಹೀಗೆ ಮೊದಲು ನೀರನ್ನೇ ಕೇಳುತ್ತಿದ್ದರು. ತಮ್ಮ ಜನರಿಗೆ ಯಾವ ಮನೆಯಲ್ಲಿ ಎಂಥ ಲೋಟದಲ್ಲಿ ನೀರು ಬರುತ್ತದೆಂದು ಅವರು ಜೀವಮಾನವೆಲ್ಲ ನೋಡಿದವರು. ಸೋದರತ್ತೆ ಒಂದು ಕ್ಷಣ ತಡೆದಳಂತೆ. ಆಯಿಯೇ ಎದ್ದು, ತಾವು ಕುಡಿಯುತ್ತಿದ್ದ ತಾಮ್ರದ ತಂಬಿಗೆಯನ್ನು ಅವರ ಕೈಗೆ ಕೊಟ್ಟರಂತೆ.

ನೀರು ಕುಡಿದು ಉಸ್ತಾದರು ತಕ್ಕಡಿ ಬಿಚ್ಚಿ ಕೂಡಿಸಿದರು, ಜೇಬಿನಿಂದ ಒಂದು ಖಾಲಿ ಹಿತ್ತಾಳೆ ಕೇಸು ತೆಗೆದರು, ಒಂದು ಚಮಚ ರವೆ ಕೇಳಿದರು.

"ಖರೇ ದಾರೂ ಕೋಣಿ ಹೊರಗ ತರೋ ಹಂಗಿಲ್ಲ ಆಯಿ. ಅದಕ್ಕ ರವಾ. ನಿಮ್ಮ ಮನಿಗೆ ತೋರಿಸಿದ ಹುಡಿಗಿ ಇದನ್ನ ತೂಗಿ, ಇದರಾಗ ತುಂಬತಾಳ. ಇದು ಕುಡಿಯೂದಲ್ಲ, ಸುಡೂದು. ಬಂದೂಕಿಂದು."

ಸೋದರತ್ತೆ ಬಾಯಿ ಮೇಲೆ ಕೈ ಇಟ್ಟಳು. "ಅಯ್ಯ! ದಿವಾಳಿಗೆ ಶೋಭೇಚೀ ದಾರೂ ಅಂತೀವಲ್ಲ, ಹಂಥಾದ್ದ?"

"ಹಂಥಾದ್ದರಿ. ಪಟಾಕಿದು ಅಂದಾಜಿಂದು, ಇದು ಅಳತೀದು."

ಆಯಿ ನಗಲಿಲ್ಲ. ಅವರ ದೊಡ್ಡ ಮಗ ಶೆರೆಯಿಂದಲೇ ಹೋದವನೆಂದು ನನಗೆ ಆಮೇಲೆ ತಿಳಿಯಿತು. ತಕ್ಕಡಿಯ ಹತ್ತಿರ ಜರುಗಿ ಕೂತು, ತಟ್ಟೆಯ ಮೇಲೆ ಬೆರಳಿಂದ ಒಂದು ಕಾಳು ರವೆ ಉದುರಿಸಿದರು. ಮುಳ್ಳು ಜರುಗಿತು. "ಇಷ್ಟ ಹೆಚ್ಚಾದ್ರ ಏನಾಗತೈತಿ?" ಎಂದರು.

ಉಸ್ತಾದರು ಕನ್ನಡಕ ತೆಗೆದು ಹುಬ್ಬು ತೋರಿಸಿದರು. "ಹೆಚ್ಚಾಕೋತ ಹ್ವಾದ್ರ ಇದಾಗತೈತಿ."

"ಆ ಹುಡಿಗಿ ಕೈಯಾಗ ಎಂದಾದ್ರೂ ಹೆಚ್ಚಾಗೇತೇನು?"

"ಆಗಿದ್ರ ನನ್ನ ಕುರ್ಚಿಗೆ ಆಕಿ ಹೆಸರ ಹೇಳತಿದ್ದಿಲ್ಲ. ಗಂಡು ಹೆಣ್ಣಿನ ಮಾತು ನಿಮ್ಮ ನಿಮ್ಮೊಳಗ ಇರಲಿ ಆಯಿ. ನಾ ಬಂದದ್ದು ಕುರ್ಚಿ ಸಲುವಾಗಿ."

ಮದುವೆ ಮಾತು ಕೂಡಿಸಲು ಬಂದೆನೆಂದು ತಿಳಿದಿದ್ದ ಕಾಕಾನಿಗೆ ಇದನ್ನು ಕೇಳಿ ಬೆವರು ಕಿತ್ತುಬಂತಂತೆ. ಆಯಿ ತಟ್ಟೆಯ ಮೇಲಿನ ಆ ಒಂದು ಕಾಳನ್ನು ಬೆರಳಿಂದ ಎತ್ತಿ ತೆಗೆದರು. ಕೊನೆಗೆ, "ಎಲ್ಲಿ ನಿಲ್ಲಬೇಕು ಅನ್ನೂದು ತಿಳದಾಕಿ ನಮ್ಮ ಮನ್ಯಾಗ ಒಬ್ಬಾಕಿ ಇದ್ರ ಚಲೋ ಆಗತಿತ್ತು" ಎಂದರು. "ಆಕಿ ಲಗ್ನ ಆದ ಮ್ಯಾಲೂ ನಿಪ್ಪಾಣಿಗೆ ಹೋಗಲಿ. ಆಕೀ ಅಪ್ಪಗ ನಾ ಹೇಳೇನಿ ಅಂತ ಹೇಳ್ರಿ."

ಆಯಿಯ ಮಾತಿನ ಮುಂದೆ ಅಪ್ಪನದೇನು ನಡೆಯುತ್ತದೆ? ಮೇಲಿನವರಿಗೆ ನನ್ನ ಹೆಸರು ಹೋಯಿತು, ಒಪ್ಪಿಗೆ ಬಂತು. ಎರಡನೇ ಸಲ ಹುಡುಗ ಬಂದಾಗ ನಾನೂ ಅವನನ್ನು ಸರಿಯಾಗಿ ನೋಡಿದೆ. ಗಲಾಟೆಯ ನಡುವೆಯೂ ಅವ್ವನ ಉಪ್ಪಿಟ್ಟು ಬಿಡದವನು ಕೆಟ್ಟವನಿರಲಾರ ಎನಿಸಿತು. ಇಲ್ಲಿಯವರೆಗೆ ಆ ಲೆಕ್ಕ ತಪ್ಪಿಲ್ಲ.

ಈಗ ನಾನು ಕಾಗವಾಡದ ಸೊಸೆ. ಒಂದು ಶಾಲೆಯಲ್ಲಿ ಮಕ್ಕಳಿಗೆ ಕವಾಯತು, ಆಟ ಹೇಳಿಕೊಡುತ್ತೇನೆ. ರಜೆಯ ದಿನ ನಿಪ್ಪಾಣಿಯ ಬಸ್ಸು. ಹೊರಡುವಾಗ ಆಯಿ ಒಂದು ಪೊಟ್ಟಣ ಒಣದ್ರಾಕ್ಷಿ ಕಟ್ಟಿ, "ದಾರೂವಾಲ್ಯಾಗ ಕೊಡು" ಎನ್ನುತ್ತಾರೆ. ಈ ಶಬ್ದವನ್ನು ಇಡೀ ಓಣಿಗೆ ಕೇಳುವಂತೆ ಹೇಳುವುದರಲ್ಲಿ ಅವರಿಗೊಂದು ಸಂತೋಷ.

ಸಂಕ್ರಾಂತಿ ಮುಗಿದ ಮೇಲಿನ ಆ ದಿನ ನಾನು ಮೊದಲ ಸಲ ಒಬ್ಬಳೇ ಕುರ್ಚಿಯಲ್ಲಿ ಕೂತೆ. ಉಸ್ತಾದರು ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಒಣದ್ರಾಕ್ಷಿ ತಿನ್ನುತ್ತ ಕೂತಿದ್ದರು. ಒಂದು ಡಬ್ಬಿ, ಒಂದು ತಕ್ಕಡಿ, ಗೋಡೆಯ ಮೇಲೆ ಬುದ್ಧ. ನಾನು ತೂಗಿದೆ, ಸುರಿದೆ, ಸಾಲಾಗಿ ನಿಲ್ಲಿಸಿ ಬ್ಯಾಟರಿ ಹಿಡಿದು ಒಂದೊಂದರ ಗಂಟಲೂ ನೋಡಿದೆ. ಗುಂಡು ಒತ್ತಿ, ಒರೆಸಿ, ತಟ್ಟೆಯಲ್ಲಿಟ್ಟು ಹೊರಗೆ ತಂದೆ. ಹಾರಿಸಲು ಬರುವ ಸದಸ್ಯರಿಗೆಂದು ತಂದದ್ದು.

ಉಸ್ತಾದರು ಎದ್ದು ಕೈ ಚಾಚಿದರು. "ತಾ ಇಲ್ಲೆ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ತಟ್ಟೆಯಿಂದ ಕಾಡತೂಸು ತೆಗೆದು ಮುದಿ ರಿವಾಲ್ವರಿನ ಮನೆಗಳಿಗೆ ತುಂಬಿದರು. ಕಿವಿಗೆ ಮುಚ್ಚಳ ಹಾಕಿಕೊಂಡು, ಆಪರೇಷನ್ನಾದ ಹೊಸ ಕಣ್ಣಿನಿಂದ ಗುರಿಯತ್ತ ನೋಡಿ, ಒಂದಾದ ಮೇಲೊಂದು ಹಾರಿಸಿದರು. ಎಲ್ಲ ಸದ್ದೂ ಒಂದೇ ತೂಕದ್ದು. ನಾನು ಬೆರಳು ಮಡಚಿ ಆರನ್ನೂ ಎಣಿಸಿದೆ.

ಗುರಿಗೆ ಬಿತ್ತೋ ಇಲ್ಲವೋ ಎಂದು ಅವರು ನೋಡಲೇ ಇಲ್ಲ. ಬಿಸಿ ಕೇಸುಗಳನ್ನು ಅಂಗೈಗೆ ಸುರಿದುಕೊಂಡು, ಒಂದೊಂದನ್ನೇ ಬೆಳಕಿಗೆ ಹಿಡಿದು ಬಾಯಿ ನೋಡಿದರು, ಹಿಂದಿನ ಟೋಪಿ ನೋಡಿದರು, ಮೂಸಿದರು. ಕೊನೆಯದನ್ನು ನೋಡಿ ಮುಗಿಸಿ, "ಇದರಾಗ ಅಂದಾಜ ಇಲ್ಲ" ಎಂದರು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ.

"ಹಂಗ ನಿಂತರ ಹೆಂಗ ತಂಗಿ? ಹೋಗು, ಇನ್ನೊಂದಾರು ತುಂಬಿಕೊಂಡ ಬಾ."

"ಒಂದಾರು ಅಂದ್ರ ಅಂದಾಜ ಆತಲ್ರೀ, ಉಸ್ತಾದ್ರ?"

ಅವರ ಅರ್ಧ ಹುಬ್ಬು ಮೇಲೇರಿತು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಅವತ್ತೇ ಕಂಡದ್ದು.

"ಆರು," ಎಂದರು. "ಆರ ತಾ."